ಬಾಯಿ ಕೊಯ್ದ ಆರು ಚೀಲಗಳು

ಇಪ್ಪತ್ತು ವರ್ಷದಿಂದ ಸುಟ್ಟ ಜಾಗಗಳ ಫೋಟೋ ತೆಗೆಯುತ್ತಿದ್ದ ಪುಟ್ಟ, ಆ ಶಿಶುವಿಹಾರದ ಮಲಗುವ ಕೋಣೆಯಿಂದ ಹೊರಬಂದವನೇ ಗೋಡೆಗೆ ಕೈಯೂರಿ ವಾಂತಿ ಮಾಡಿಕೊಂಡ. ಕರಗಿದ ಪ್ಲಾಸ್ಟಿಕ್ಕಿನ ನಾತ ಹಲ್ಲಿಗೇ ಅಂಟಿದಂತಿತ್ತು. ಒಂದು ಎಕ್ಸ್‌ಟೆನ್ಷನ್ ಬೋರ್ಡು ಹೊತ್ತಿಕೊಂಡು, ಉರಿಯುತ್ತಲೇ ತೊಟ್ಟಿಕ್ಕಿ, ಕೆಳಗಿನ ಹಾಸಿಗೆಗೆ ಬೆಂಕಿ ತಗುಲಿಸಿತ್ತು. ಒಂಬತ್ತು ಮಕ್ಕಳನ್ನು ಹೊತ್ತು ತಂದ ಆಯಾ, ಹತ್ತನೆಯದನ್ನು ಕಿಟಕಿಯಿಂದ ದಾಟಿಸಿ, ತಾನು ಮಾತ್ರ ಹೊರಬರಲಾಗದೆ ಹೊಗೆಯಲ್ಲೇ ಸತ್ತಿದ್ದಳು.

ಪುಟ್ಟನ ತಲೆ ಬೋಳಾಗಿ ಎಷ್ಟೋ ಕಾಲವಾಗಿತ್ತು. ಆದರೂ ಚಿಕ್ಕಮ್ಮನಿಗೆ ಅವನು ಪುಟ್ಟನೇ. ಚಿಕ್ಕಮ್ಮ ಬೆಂಕಿ ವಿಮೆಯ ಕಂಪನಿಯಲ್ಲಿ ಮೂವತ್ತು ವರ್ಷ ಬೂದಿ ಕೆದಕಿ ನಿವೃತ್ತಳಾದವಳು. ಊರಿನಲ್ಲಿ ಏನು ಹೊತ್ತಿಕೊಂಡರೂ ಜನ ಮೊದಲು ಅಗ್ನಿಶಾಮಕದವರನ್ನು, ಆಮೇಲೆ ಅವಳನ್ನು ಕರೆಯುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಒಬ್ಬಾಕೆ ಬಂದು ಚಿಕ್ಕಮ್ಮನ ಮನೆ ಬಾಗಿಲಲ್ಲೇ ನಿಂತಳು.

"ಅಮ್ಮಾ, ಆ ಬೋರ್ಡ್ ಮಾಡೋ ಕಾರ್ಖಾನೇಲಿ ಪ್ಲಾಸ್ಟಿಕ್ ಬೆರೆಸೋ ಮಿಷನ್ನಿಗೆ ನಮ್ಮನೆಯವರೇ ಮೇಸ್ತ್ರಿ. ಬೆಂಕಿ ತಡೆಯೋ ಪುಡಿ ಕದ್ದು ಮಾರಿ, ಬದಲಿಗೆ ಬೇರೇನೋ ಸುರಿದ್ರು ಅಂತ ಪೊಲೀಸರು ಎಳ್ಕೊಂಡು ಹೋದ್ರು. ನಮ್ಮ ಶೆಡ್ಡಲ್ಲಿ ಆ ಪುಡಿಯ ಆರು ಖಾಲಿ ಚೀಲ ಸಿಕ್ಕಿದ್ವು. ಆಯಾನ ಕೊಂದವನು ಅಂತ ಬೀದೀಲಿ ಉಗೀತಾರೆ."

"ಪುಡಿ ಬಗ್ಗೆ ಯಾವಾಗಾದ್ರೂ ಏನಾದ್ರೂ ಹೇಳಿದ್ರಾ?"

"ಎರಡು ತಿಂಗಳಿಂದ ಪುಡಿ ಮೊದಲಿನ ಹಾಗಿಲ್ಲ, ಕೈಗೆ ಒರಟು ಅಂತಿದ್ರು. ಮಿಷನ್ ಕಾದು, ಪುಡಿ ಬೆರೆತ ಪ್ಲಾಸ್ಟಿಕ್ಕಿನ ಮೊದಲ ಕಾಳು ಬೀಳೋಕೆ ಬೆಳಿಗ್ಗೆ ಹತ್ತಾಗುತ್ತಲ್ಲ, ಅಷ್ಟರೊಳಗೆ ಆಫೀಸಿಗೆ ಹೋಗಿ ಹೇಳಿ ಬಂದೆ ಅಂದಿದ್ರು."

ಠಾಣೆಯಲ್ಲಿ ಆರು ಚೀಲಗಳನ್ನೂ ನೋಡಿದರು. ಹೊಲಿಗೆಯ ಕೆಳಗೆ ಅಡ್ಡಡ್ಡ ಕೊಯ್ದ ಕಾಗದದ ಚೀಲಗಳು. ಚಿಕ್ಕಮ್ಮ ಎರಡೆರಡು ಸಲ ಫೋಟೋ ತೆಗೆಸಿದಳು. ಕಾರ್ಖಾನೆಯ ಹಿಂದೆ ಖಾಲಿ ಚೀಲಗಳ ಗುಡ್ಡೆಯೇ ಇತ್ತು. ಅಲ್ಲಿ ಒಂದಕ್ಕೂ ಗಾಯವಿರಲಿಲ್ಲ, ಬಾಯಿಯ ಹೊಲಿಗೆ ಮಾತ್ರ ಬಿಚ್ಚಿತ್ತು. ಅದನ್ನೂ ತೆಗೆಸಿದಳು.

ಕಾರ್ಖಾನೆಯ ಪರೀಕ್ಷೆ ಕೋಣೆಯ ಮೇಡಂ ಆ ಎರಡು ತಿಂಗಳ ಪ್ಲಾಸ್ಟಿಕ್ ಪಟ್ಟಿಗಳನ್ನು ತೋರಿಸಿದಳು. "ಬೆಂಕಿ ಹಿಡಿದು ತೆಗೆದ್ರೆ ಹತ್ತು ಸೆಕೆಂಡಲ್ಲಿ ಆರಬೇಕು. ಎಲ್ಲಾ ಪಾಸಾಗಿವೆ. ಪಟ್ಟಿ ಮಾಡೋಕೆ ಆ ದಿನದ ಕಾಳು ಬೆಳಿಗ್ಗೆ ಒಂಬತ್ತಕ್ಕೆಲ್ಲ ನನ್ನ ಮೇಜಿನ ಮೇಲಿರುತ್ತೆ. ಆಫೀಸಿಂದ ತಂದಿಡ್ತಾರೆ."

ಚಿಕ್ಕಮ್ಮ ತನ್ನ ಕೈಚೀಲದಿಂದ ತಾಮ್ರದ ತಂತಿ ತೆಗೆದು ಕೆಂಪಗೆ ಕಾಯಿಸಿ, ಒಂದು ಪಟ್ಟಿಗೆ ತಾಗಿಸಿ ಮತ್ತೆ ಉರಿಗೆ ಹಿಡಿದಳು. ಉರಿ ಹಸಿರಾಯಿತು. ಅಂಗಡಿಯಿಂದ ತಂದ ಅದೇ ಕಾರ್ಖಾನೆಯ ಹೊಸ ಬೋರ್ಡಿಗೆ ತಾಗಿಸಿದಾಗ ಬಣ್ಣ ಬದಲಾಗಲಿಲ್ಲ. ಆ ಬೋರ್ಡಿನ ಚೂರನ್ನು ಸುಟ್ಟು, ಬೂದಿಗೆ ವಿನಿಗರ್ ಬಿಟ್ಟಳು. ಬುಸ್ಸೆಂದು ನೊರೆ ಬಂತು.

"ಸೀಮೆಸುಣ್ಣದ ಪುಡಿ ಕಣೋ ಪುಟ್ಟಾ. ನಾಳೆ ಎಲ್ಲರನ್ನೂ ಕಾರ್ಖಾನೆಯ ಊಟದ ಕೋಣೆಗೆ ಸೇರಿಸು."

ಮರುದಿನ ಇನ್‌ಸ್ಪೆಕ್ಟರ್, ಮೇಸ್ತ್ರಿಯ ಹೆಂಡತಿ, ಮೇಡಂ, ಕಾರ್ಖಾನೆಯ ಯಜಮಾನರು, ಆಫೀಸು ನೋಡಿಕೊಂಡು ಪುಡಿ ಖರೀದಿಸುವ, ಅವರ ತಂಗಿಯ ಗಂಡನೂ ಆದ ಮ್ಯಾನೇಜರ್ ಮೇಜಿನ ಸುತ್ತ ಕೂತರು. ಮ್ಯಾನೇಜರ್ ಬಿಸ್ಕತ್ತು ಅದ್ದಿ ಅದ್ದಿ ತಿನ್ನುತ್ತ, "ಆಯಾ ಮನೆಯವರಿಗೆ ಪರಿಹಾರ ಕೊಟ್ಟಾಯ್ತಲ್ಲ, ಇನ್ನೂ ಏನಿದು ರಾದ್ಧಾಂತ?" ಎಂದ.

"ನನಗೆ ಪುಡಿ ನೋಡಬೇಕು," ಎಂದಳು ಚಿಕ್ಕಮ್ಮ, ಗೋದಾಮಿನಿಂದ ತರಿಸಿಟ್ಟಿದ್ದ ಹೊಲಿಗೆ ಬಿಚ್ಚದ ಮೂರು ಚೀಲಗಳನ್ನು ತೋರಿಸಿ. "ಒಬ್ಬೊಬ್ಬರು ಒಂದೊಂದು ಚೀಲ ಬಿಚ್ಚಿ ಕೊಡ್ತೀರಾ?"

ಕೂಲಿಯಿಂದ ಮೇಲೆ ಬಂದ ಯಜಮಾನರು ದಾರದ ತುದಿ ಹುಡುಕಿ ಎಳೆದರು. ಹೊಲಿಗೆ ಸರ್ರನೆ ಬಿಚ್ಚಿತು. ಮೇಡಂ ಕೂಡ ಹಾಗೇ ಎಳೆದಳು. "ಮೇಸ್ತ್ರಿಯಣ್ಣ ಹೇಳಿಕೊಟ್ಟಿದ್ದು," ಎಂದಳು. ಮ್ಯಾನೇಜರ್ ಕೀ ಗೊಂಚಲಿನ ಚಾಕು ತೆಗೆದು, ಹೊಲಿಗೆಯ ಕೆಳಗೆ ಅಡ್ಡ ಕೊಯ್ದ.

ಚಿಕ್ಕಮ್ಮ ಠಾಣೆಯ ಫೋಟೋವನ್ನು ಆ ಚೀಲದ ಪಕ್ಕ ಇಟ್ಟಳು.

"ಪ್ಲಾಸ್ಟಿಕ್ಕಿಗೆ ಬೆಂಕಿ ತಡೆಯೋ ಪುಡಿ ಮೂರು ನಾಲ್ಕು ಬಗೆ. ಬ್ರೋಮಿನ್ ಜಾತಿಯದು ಉರಿಯ ಉಸಿರು ಕಟ್ಟುತ್ತೆ. ರಂಜಕದ್ದು ಮೇಲೆ ಕರೀ ಹಕ್ಕಳೆ ಕಟ್ಟಿ ಕಾಯುತ್ತೆ. ಖನಿಜದ ಬಿಳಿ ಪುಡಿ ಕಾದಾಗ ನೀರು ಬಿಡುತ್ತೆ, ಆದರೆ ಅದನ್ನ ಅರ್ಧಕ್ಕರ್ಧ ಸುರೀಬೇಕು. ನೀವು ಹಾಕೋದು ಬ್ರೋಮಿನ್, ತಾಮ್ರದ ತಂತೀಲಿ ಹಸಿರು ಉರಿ ಬರಬೇಕು. ಪರೀಕ್ಷೆ ಪಟ್ಟೀಲಿ ಬಂತು, ಮಾರಿದ ಬೋರ್ಡಲ್ಲಿ ಬರಲಿಲ್ಲ. ಅಂದ್ರೆ ಎರಡೂ ಒಂದೇ ಕಾಳಲ್ಲ. ಮಿಷನ್ನಿಂದ ಕಾಳು ಬೀಳೋದೇ ಹತ್ತಕ್ಕೆ. ಒಂಬತ್ತಕ್ಕೆ ಮೇಡಂ ಮೇಜಿಗೆ ಬಂದದ್ದು ಎಲ್ಲಿಯ ಕಾಳು? ಆಫೀಸಲ್ಲಿ ಬಚ್ಚಿಟ್ಟ ಹಳೇ ಒಳ್ಳೇ ಕಾಳು. ಮೇಸ್ತ್ರಿ ಕೈಗೆ ಸೀಮೆಸುಣ್ಣದ ಪುಡಿ ಬರ್ತಿದ್ದದ್ದೇ ಒಳ್ಳೇ ಪುಡಿಯ ಹೆಸರಿನ ಚೀಲದಲ್ಲಿ. ಬೆಲೆ ವ್ಯತ್ಯಾಸ ಕೊಂಡವನ ಜೇಬಿಗೆ. ಮೇಸ್ತ್ರಿ ದೂರು ಹೇಳಿದ, ಅವನ ಶೆಡ್ಡಿಗೆ ಚೀಲ ಬಂತು. ದಿನಾ ನಲವತ್ತು ಚೀಲ ಬಿಚ್ಚೋನು ಚಾಕು ಮುಟ್ಟಲ್ಲ ಸ್ವಾಮಿ, ದಾರ ಎಳೀತಾನೆ. ಆ ಆರನ್ನ ಕೊಯ್ದದ್ದು ಯಾವತ್ತೂ ಚೀಲ ಬಿಚ್ಚದ ಕೈ."

"ನಾನು ಕೊಂಡದ್ದು ಒಳ್ಳೇ ಪುಡಿ ಅಂತಾನೇ," ಮ್ಯಾನೇಜರ್ ಬಾಯಿ ಒರೆಸಿಕೊಂಡ. "ನನಗೂ ಮೋಸ ಆಗಿದೆ."

ಚಿಕ್ಕಮ್ಮ ಯಜಮಾನರ ಕಡೆ ತಿರುಗಿದಳು. "ನಿಮ್ಮ ತಂಗಿಗೆ ಫೋನ್ ಮಾಡಿ. ಅವರ ಮನೇಲಿ ಯಾವ ಬೋರ್ಡ್ ಇದೆ ಕೇಳಿ."

ಫೋನಿನ ದನಿ ಕೋಣೆಗೆಲ್ಲ ಕೇಳಿತು. "ನಮ್ಮದು ಒಂದೂ ಇಲ್ಲಣ್ಣ. ಎರಡು ತಿಂಗಳ ಹಿಂದೆ ಇವರೇ ಎಲ್ಲಾ ಕಿತ್ತು ಬೇರೆ ಕಂಪನೀದು ಹಾಕಿದ್ರು. ಮಕ್ಕಳು ಮಲಗೋ ಮನೆ, ಎಚ್ಚರವಾಗಿರ್ಬೇಕು ಅಂದ್ರು. ಯಾಕಣ್ಣ?"

ಯಜಮಾನರು ಕರೆ ಕಡಿದು ಫೋನನ್ನು ಮೇಜಿನ ಮೇಲಿಟ್ಟರು. ಹಾವು ಕಂಡರೂ ಪುಟ್ಟನಿಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ. ಹಾವಿಗೆ ತನ್ನ ಮರಿ, ಪರರ ಮರಿ ಎಂಬ ಲೆಕ್ಕಾಚಾರವಾದರೂ ಇರುವುದಿಲ್ಲ. ಇನ್‌ಸ್ಪೆಕ್ಟರ್ ಮ್ಯಾನೇಜರನ ರಟ್ಟೆ ಹಿಡಿದು ಎಬ್ಬಿಸಿ, ಮೇಸ್ತ್ರಿಯ ಹೆಂಡತಿಗೆ, "ನಿಮ್ಮ ಮನೆಯವರನ್ನ ಇವತ್ತೇ ಬಿಡಿಸೋಕೆ ಬರೀತೀನಮ್ಮ," ಎಂದ.

ಆಕೆ ಎದ್ದು ಹೋಗಲಿಲ್ಲ. "ಹೊರಗೆ ಹೋಗಿರೋ ಮಾಲು?" ಎಂದು ಕೇಳಿದಳು.

ಯಜಮಾನರು ನೆಲ ನೋಡಿದರು. "ಐದು ಸಾವಿರ ಬೋರ್ಡಮ್ಮ. ಸುದ್ದಿ ಹೊರಬಿದ್ರೆ ನಾನು ಮುಳುಗಿ ಹೋಗ್ತೀನಿ. ಮೆಲ್ಲಗೆ, ಗೊತ್ತಾಗದ ಹಾಗೆ..."

"ಮುಳುಗಿ," ಎಂದಳು ಆಕೆ. "ಯಾರದೋ ಮಗು ಸುಡೋದಕ್ಕಿಂತ ವಾಸಿ."

ಚಿಕ್ಕಮ್ಮ ಫೋನನ್ನು ಅವರ ಮುಂದಕ್ಕೆ ಸರಿಸಿದಳು. ಯಜಮಾನರು ಬೋರ್ಡು ಕೊಂಡ ಮೊದಲ ಅಂಗಡಿಯ ನಂಬರ್ ಒತ್ತಿದರು.