ಮಿಕೆಸ್‌ನ ಕೊನೆಯ ಸ್ಪಂಜು

"ಥೂ! ಏನ್ರೀ ಅದು?"

ಕ್ರಿಸಾಂಥಿ ಮೂಗಿಗೆ ಕರ್ಚೀಫು ಒತ್ತಿಕೊಂಡು ಕಾಲಿಮ್ನೋಸ್ ಬಂದರಿನ ಕಟ್ಟೆಯ ಮೇಲೇ ನಿಂತುಬಿಟ್ಟಳು. ಎದುರಿಗೆ, ಇನ್ನೊಂದು ವಾರ ಅವಳು ಉಂಡು ಮಲಗಬೇಕಾದ ಹಾಯಿದೋಣಿ. ಅದರ ಹಿಂಬದಿಯಲ್ಲಿ ಪ್ಯಾಂಟನ್ನು ಮಂಡಿಯವರೆಗೆ ಮಡಚಿದ ಗಂಡಸೊಬ್ಬ, ಸತ್ತ ಬೆಕ್ಕಿನ ಗಾತ್ರದ ಕಪ್ಪು ಲೋಳೆ ಮುದ್ದೆಯೊಂದನ್ನು ಬರಿಗಾಲಲ್ಲಿ ತುಳಿಯುತ್ತಿದ್ದ. ತುಳಿದಷ್ಟೂ ಬೂದುಬಣ್ಣದ ಹಾಲು ಒಸರಿ ಅವನ ಕಾಲ್ಬೆರಳ ಸಂದಿಯಿಂದ ಹರಿಯುತ್ತಿತ್ತು. ಆ ನಾತಕ್ಕೆ ಅವಳಿಗೆ ಕರುಳೇ ಬಾಯಿಗೆ ಬಂದಂತಾಯಿತು.

"ಸ್ಪಂಜು. ನೀವು ಮೈ ಉಜ್ಜಿಕೊಳ್ತೀರಲ್ಲ, ಅದೇ," ಎಂದ ಅವನು, ತುಳಿಯುವುದನ್ನು ನಿಲ್ಲಿಸದೆ. "ಸಮುದ್ರದ ತಳದಿಂದ ಕಿತ್ತು ತರುವಾಗ ಹೀಗೇ ಇರುತ್ತೆ. ಒಂದು ವಾರ ತುಳಿದು, ತೊಳೆದು, ಬಡಿದ್ರೆ ಬಂಗಾರದ ಬಣ್ಣ ಬರುತ್ತೆ."

"ನಾನಿನ್ನು ಸ್ನಾನಾನೇ ಮಾಡಲ್ಲ."

"ಒಳ್ಳೇದೇ ಆಯ್ತು. ದೋಣೀಲಿ ನೀರು ಕಮ್ಮಿ."

ನಗುವಾಗ ಅವನ ಎಡಗಣ್ಣು ಮಾತ್ರ ಪೂರ್ತಿ ಮುಚ್ಚುತ್ತಿತ್ತು. ಅದೂ ಅವಳಿಗೆ ಸಹ್ಯವಾಗಲಿಲ್ಲ.

ಅಥೆನ್ಸಿನಲ್ಲಿ ಕ್ರಿಸಾಂಥಿಯದು ಔಷಧಿ ಅಂಗಡಿ. ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುವ ಹೆಂಗಸು. ವಯಸ್ಸು ಮೂವತ್ತೇಳು. ಅವಳ ಅಕ್ಕ ಮೆರೋಪಿಗೆ ತಂಗಿಯ ಮದುವೆಯ ಚಿಂತೆ ಬಿಟ್ಟರೆ ಬೇರೆ ಕಸುಬಿಲ್ಲ. "ರಜೆ ಕಣೇ, ಬರೀ ರಜೆ" ಎಂದು ಪುಸಲಾಯಿಸಿ ಕರೆತಂದವಳು, ದೋಣಿ ಬಂದರು ದಾಟಿ ಹಾರಿಕೊಳ್ಳಲು ನೆಲವೇ ಇಲ್ಲದಂತಾದ ಮೇಲೆ ಬಾಯಿ ಬಿಟ್ಟಳು.

"ಈ ದೋಣಿಯವನು, ಮಿಕೆಸ್, ನಿಮ್ಮ ಭಾವನ ಸ್ನೇಹಿತ. ನೌಕಾಪಡೇಲಿ ಒಟ್ಟಿಗಿದ್ರು. ಒಳ್ಳೇವನು. ಮದುವೆ ಆಗಿಲ್ಲ."

"ಅಕ್ಕಾ! ಆ ನಾತದ ಮನುಷ್ಯನಿಗೆ ನನ್ನನ್ನ ತೋರಿಸೋಕೆ ಕರ್ಕೊಂಡು ಬಂದ್ಯಾ?"

"ಒಂದು ವಾರ ನೋಡು. ಶುಕ್ರವಾರ ಸಂಜೆ ಬೇಡ ಅಂದ್ಬಿಡು. ತಾಯಾಣೆ, ಆಮೇಲೆ ಸಾಯೋವರೆಗೂ ನಿನ್ನ ಮದುವೆ ಮಾತೆತ್ತಲ್ಲ."

ಹದಿನೈದು ವರ್ಷಗಳ ಕಾಟ ಒಂದೇ ವಾರದಲ್ಲಿ ಮುಗಿಯುವುದಾದರೆ ಮುಗಿಯಲಿ. ಏಳು ದಿನ ಉಸಿರು ಬಿಗಿಹಿಡಿದು, ಕೊನೆಗೆ "ಬೇಡ" ಎಂದರಾಯಿತು. ಕ್ರಿಸಾಂಥಿ ಒಪ್ಪಿಕೊಂಡಳು.

ಆದರೆ ಆ ಏಳು ದಿನ! ಶೌಚಕ್ಕೆ ಹೋದರೆ ಕೈಯಲ್ಲಿ ಹಿಡಿ ಹಿಡಿದು ಇಪ್ಪತ್ತು ಸಲ ಪಂಪು ಹೊಡೆಯಬೇಕು. ಹಾಸಿಗೆಯಲ್ಲಿ ಡೀಸೆಲ್ ವಾಸನೆ. ಭಾವ ಫೋತಿಸ್ ಸ್ನಾನವಿಲ್ಲದೆ ಉಪ್ಪಿನ ಮೂಟೆಯಂತಾಗಿ ಅದನ್ನೇ ಸುಖ ಎನ್ನುತ್ತಿದ್ದ. ಲೇರೋಸ್ ದ್ವೀಪದಲ್ಲಿ ಮಿಕೆಸ್ ಒಂದು ಬಾಟಲಿ ತೆರೆದು, ಸಮುದ್ರದ ನೀರಲ್ಲಿ ನೆನೆದ ಹಳದಿ ಮಾಂಸದ ತುಣುಕನ್ನು ಚಮಚದಲ್ಲಿ ಎತ್ತಿ ಅವಳ ಮುಂದೆ ಹಿಡಿದ.

"ಬಂಡೆಗೆ ಅಂಟ್ಕೊಂಡಿರೋ ಪ್ರಾಣಿ. ನಮ್ಮಮ್ಮ ಮಾಡಿದ್ದು. ಒಂದು ಚೂರು ರುಚಿ ನೋಡಿ."

"ನಿಮ್ಮಮ್ಮನಿಗೆ ನಮಸ್ಕಾರ ಹೇಳಿ. ನನಗೆ ಬೇಡ."

"ಬಾಯಿಗಿಡದೇನೇ ಬೇಡ ಅಂತೀರಾ?"

"ಮೂಗು ಇರೋದೇ ಅದಕ್ಕೆ."

ಅವನು ತಾನೇ ಬಾಯಿಗೆ ಹಾಕಿಕೊಂಡು ಬೆರಳು ಚೀಪಿದ. ಕ್ರಿಸಾಂಥಿ ಮುಖ ಸಿಂಡರಿಸಿ ಬೇರೆಡೆ ನೋಡಿದಳು. ಆಮೇಲೆ, ಯಾಕೋ, ಇನ್ನೊಮ್ಮೆ ತಿರುಗಿ ನೋಡಿದಳು. ಅವನಿನ್ನೂ ಇವಳನ್ನೇ ನೋಡುತ್ತಿದ್ದ, ಎಡಗಣ್ಣು ಮುಚ್ಚಿಕೊಂಡು.

ಲಿಪ್ಸಿ ದ್ವೀಪದ ದಾರಿಯಲ್ಲಿ ಬಡಗಣ ಗಾಳಿ ಎದ್ದಿತು. ಕ್ರಿಸಾಂಥಿ ವಾಂತಿ ಮಾಡಿಕೊಂಡಳು, ಅರ್ಧ ಬಕೆಟಿಗೆ, ಅರ್ಧ ಮಿಕೆಸ್‌ನ ಅಂಗಿಗೆ. ಅವನು ಚುಕ್ಕಾಣಿಯನ್ನು ಫೋತಿಸ್‌ಗೆ ಕೊಟ್ಟು, ಎಡಗಾಲು ಎಳೆದುಕೊಂಡು ಬಂದು, ಅವಳ ಕೂದಲನ್ನು ಹಿಂದಕ್ಕೆ ಹಿಡಿದು ಕೂತ. ಒಂದು ಸಲವೂ ಮುಖ ಕಿವುಚಲಿಲ್ಲ. ನಿಂಬೆಹಣ್ಣಿನಲ್ಲಿ ಕೈ ಉಜ್ಜಿಕೊಂಡು ಬಂದು ಒಣ ರೊಟ್ಟಿಯ ಚೂರು ಕೊಟ್ಟ.

"ಅಸಹ್ಯ ಆಗ್ಲಿಲ್ವಾ ನಿಮಗೆ?"

"ಯಾತಕ್ಕೆ? ಹೊಟ್ಟೇಲಿ ಇರೋದು ತಾನೇ ಆಚೆ ಬಂದಿದ್ದು?"

ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ವಾಂತಿಯಾದ ಅಂಗಿ ತೊಟ್ಟ ಮನುಷ್ಯನ ಮೇಲೆ ಮನಸ್ಸಾಗುವುದೆಂದರೇನು? ಇಷ್ಟು ಕೆಟ್ಟುಹೋದೆನೇ ನಾನು?

ಆ ಸಿಟ್ಟನ್ನೆಲ್ಲ ಅವಳು ಸ್ಪಂಜಿನ ಮೇಲೆ ತೀರಿಸಿಕೊಂಡಳು. ಪ್ರತಿ ಸಂಜೆ ಅವನು ಅದನ್ನು ನೀರಿನಿಂದ ಎಳೆದು, ತುಳಿದು, ಮರದ ತುಂಡಿನಿಂದ ಬಡಿದು, ಮತ್ತೆ ಬಲೆಚೀಲದಲ್ಲಿ ಕಟ್ಟಿ ಹಗ್ಗದಿಂದ ನೀರಿಗೆ ಬಿಡುತ್ತಿದ್ದ. ಕೊಳೆತ ಸಿಪ್ಪೆ ಪದರಪದರವಾಗಿ ಬಿಡುತ್ತಿತ್ತು. ಆರ್ಕಿ ದ್ವೀಪ ಮುಟ್ಟುವ ಹೊತ್ತಿಗೆ ನಾತ ಹೇಳತೀರದು. ಬುಧವಾರ ಬೆಳಿಗ್ಗೆ ಉಳಿದವರೆಲ್ಲ ಕಟ್ಟೆಯ ಮೇಲೆ ಕಾಫಿ ಕುಡಿಯುತ್ತಿರುವಾಗ, ಬಂದರಿನ ಕೊಳಕು ನೀರಿಗೆ ಬಿಡದೆ ಹಿಂಬದಿಯಲ್ಲಿ ಕಟ್ಟಿದ್ದ ಚೀಲ ಅವಳ ಕೋಣೆಯ ಕಿಂಡಿಯ ಮೇಲೇ ತೊಟ್ಟಿಕ್ಕುತ್ತಿತ್ತು. ಒಂದು ಹನಿ ದಿಂಬಿನ ಮೇಲೆ ಬಿತ್ತು. ಅವಳು ಎರಡೇ ಬೆರಳಲ್ಲಿ ಚೀಲ ಎತ್ತಿಕೊಂಡು ಹೋಗಿ, ಊರಿನ ಆಳೆತ್ತರದ ಕಸದ ಡಬ್ಬದೊಳಗೆ ಎಸೆದು, ಮೂರು ಸಲ ಸೋಪು ಹಾಕಿ ಕೈ ತೊಳೆದಳು.

ದೋಣಿ ಹೊರಟು ಎರಡು ಗಂಟೆಯಾಗಿತ್ತು. ಮಿಕೆಸ್ ಚೀಲವನ್ನು ನೀರಿಗೆ ಬಿಡಲೆಂದು ಹಿಂಬದಿಗೆ ಹೋಗಿ ಹಗ್ಗ ಎಳೆದ. ಬರಿಯ ಹಗ್ಗ ಕೈಗೆ ಬಂತು.

"ಯಾರು ಬಿಚ್ಚಿದ್ದು?"

"ನಾನೇ," ಎಂದಳು ಕ್ರಿಸಾಂಥಿ ಗತ್ತಿನಿಂದ. "ಕಸ ಕಸದ ಡಬ್ಬಕ್ಕೆ ಸೇರ್ತು."

ಬೈಯುತ್ತಾನೆಂದು ಕಾದಳು. ಅವನು ಹಗ್ಗ ಸುತ್ತಿಟ್ಟು, ಚುಕ್ಕಾಣಿ ಹಿಡಿದು, ಮುಂದೆ ನೋಡುತ್ತ ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ.

ಫೋತಿಸ್ ಅವಳನ್ನು ಪಕ್ಕಕ್ಕೆ ಕರೆದ. "ಏನ್ ಕೆಲ್ಸ ಮಾಡ್ದೆ ಮಾರಾಯ್ತಿ? ಅವನು ಹದಿನಾರನೇ ವಯಸ್ಸಿಂದ ಸ್ಪಂಜಿಗೆ ಮುಳುಗ್ತಿದ್ದೋನು. ಆಳದಿಂದ ಬೇಗ ಮೇಲೆ ಬಂದು ಒಂದ್ಸಲ ಎಡಗಾಲಿನ ಶಕ್ತಿನೇ ಹೋಗಿತ್ತು. ಮೊನ್ನೆ ಆ ಸ್ಪಂಜು ಹಿಡ್ಕೊಂಡು ಮೇಲೆ ಬಂದಾಗ್ಲೇ ಆ ಕಾಲು ಮತ್ತೆ ಸೆಳೀತಂತೆ. ಇನ್ನೊಂದು ಸಲ ಮುಳುಗಿದ್ರೆ ಎರಡೂ ಕಾಲು ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು. ಅದೇ ಕೊನೇದು."

ಸೋಪು ಹಾಕಿ ತೊಳೆದ ತನ್ನ ಕೈಗಳನ್ನು ಕಂಡೇ ಕ್ರಿಸಾಂಥಿಗೆ ಹೇಸಿಗೆಯಾಯಿತು.

"ದೋಣಿ ತಿರುಗಿಸಿ," ಎಂದಳು.

"ಬೇಡ ಬಿಡಿ. ಗಾಳಿ ಎದುರಿಗಿದೆ. ನಿಮಗೆ ಮತ್ತೆ ವಾಂತಿ ಆಗುತ್ತೆ."

"ಆಗ್ಲಿ. ತಿರುಗಿಸು ಅಂದ್ನಲ್ಲ!"

'ತಿರುಗಿಸಿ' ಹೋಗಿ 'ತಿರುಗಿಸು' ಆದದ್ದು ಇಬ್ಬರಿಗೂ ಕೇಳಿಸಿತು. ಮಿಕೆಸ್ ಅವಳ ಮುಖವನ್ನೊಮ್ಮೆ ನೋಡಿ ದೋಣಿ ತಿರುಗಿಸಿದ.

ನಾಲ್ಕು ಗಂಟೆ ಅಲೆಗಳ ಎದುರು ಹೋಗಿ, ಎರಡು ಸಲ ವಾಂತಿಯಾಗಿ, ಅವಳು ಆರ್ಕಿಯಲ್ಲಿ ಇಳಿದಳು. ಅಷ್ಟರಲ್ಲಿ ಹೋಟೆಲಿನವರು ಮಧ್ಯಾಹ್ನದ ಕಸವನ್ನೂ ತಂದು ಸುರಿದಿದ್ದರು. ಮೀನಿನ ಕರುಳು, ಕಲ್ಲಂಗಡಿ ಸಿಪ್ಪೆ, ಯಾವುದೋ ಮಗುವಿನ ಡಯಾಪರು, ಅದರ ಮೇಲೆ ಮೂರು ಬೆಕ್ಕು. ಮಿಕೆಸ್ ಮುಂದೆ ಬಂದ.

"ಸರಿ, ನಾನು ಇಳೀತೀನಿ."

"ಮುಳುಗಬಾರದು ಅಂದಿಲ್ವಾ ಡಾಕ್ಟ್ರು? ಸುಮ್ನೆ ನಿಲ್ಲು."

ಅವಳು ಡಬ್ಬದೊಳಗೆ ಇಳಿದಳು. ಬೆಕ್ಕುಗಳು ಬೈದುಕೊಂಡು ಹಾರಿದವು. ತೋಳಿನವರೆಗೆ ಕೈ ತೂರಿಸಿ ತಡಕಾಡಿದಳು, "ಥೂ ಥೂ ಥೂ" ಎನ್ನುತ್ತಲೇ. ಏನೋ ಬೆಚ್ಚಗೆ ಕೈಗೆ ಹತ್ತಿತು, ಅದು ಸ್ಪಂಜಲ್ಲ, ಏನೆಂದು ಅವಳು ಈವರೆಗೂ ಯಾರಿಗೂ ಹೇಳಿಲ್ಲ. ಕೊನೆಗೆ ಬಲೆಯ ಗಂಟು ಸಿಕ್ಕಿತು. ಕೂದಲಲ್ಲಿ ಮೀನಿನ ಹುರುಪೆ, ಕೆನ್ನೆಯ ಮೇಲೆ ಟೊಮೇಟೊ, ಕೈಯಲ್ಲಿ ಚೀಲ. ಕಟ್ಟೆಯ ಮೇಲೆ ನಿಂತ ಮೆರೋಪಿ ಸೆರಗಿಲ್ಲದ್ದಕ್ಕೆ ಟವೆಲಿನಲ್ಲೇ ಕಣ್ಣೊರೆಸಿಕೊಂಡಳು.

"ತಗೋ," ಎಂದಳು ಕ್ರಿಸಾಂಥಿ. "ತಪ್ಪಾಯ್ತು."

ಮಿಕೆಸ್ ಚೀಲದ ಜೊತೆಗೆ ಅವಳ ಕೈಯನ್ನೂ ಹಿಡಿದ. ಮೂಗಿನ ಹತ್ತಿರ ತಂದು ಮೂಸಿದ.

"ಅಬ್ಬಾ! ಎಂಥ ನಾತ ನಿಂದು!"

ಅವನ ಎಡಗಣ್ಣು ಮುಚ್ಚಿತ್ತು. ಅವನು ಕೈ ಬಿಡಲಿಲ್ಲ, ಅವಳೂ ತೊಳೆಯಬೇಕೆನ್ನಲಿಲ್ಲ.

ಆ ಸಂಜೆ, ಮರುದಿನದ ಸಂಜೆ, ಅವಳೇ ಬರಿಗಾಲಲ್ಲಿ ಸ್ಪಂಜು ತುಳಿದಳು. ಹಾಲು ಅವಳ ಬೆರಳ ಸಂದಿಯಲ್ಲೂ ಹರಿಯಿತು. ಅಸಹ್ಯವೇನೂ ಹೋಗಿರಲಿಲ್ಲ, ಹೆಜ್ಜೆಗೊಂದು ಸಲ "ಥೂ" ಎನ್ನುತ್ತಲೇ ಇದ್ದಳು. ಬೀಳದಂತೆ ಅವನ ಭುಜ ಹಿಡಿದುಕೊಂಡಿದ್ದಳು, ಅಷ್ಟೇ.

ಶುಕ್ರವಾರ ಸಂಜೆ ದೋಣಿ ಕಾಲಿಮ್ನೋಸ್ ಮುಟ್ಟಿತು. ಅಥೆನ್ಸಿಗೆ ಹೋಗುವ ಹಡಗು ಆಗಲೇ ಕಟ್ಟೆಗೆ ಬಂದು ನಿಂತಿತ್ತು. ಸ್ಪಂಜು ಒಣಗಿ, ಹಗುರವಾಗಿ, ಜೇನಿನ ಬಣ್ಣಕ್ಕೆ ತಿರುಗಿತ್ತು. ಮಿಕೆಸ್ ಅದನ್ನು ಅವಳ ಕೈಯಲ್ಲಿಟ್ಟ.

"ಯಾರಿಗೂ ಕೊಡಬಾರದು ಅಂತ ಇಟ್ಕೊಂಡಿದ್ದೆ. ನೀನು ಇಟ್ಕೋ."

"ಏನೇ, ಶುಕ್ರವಾರ ಆಯ್ತು," ಎಂದಳು ಮೆರೋಪಿ, ಪೆಟ್ಟಿಗೆ ಹಿಡಿದು, ಉಸಿರೂ ಹಿಡಿದು. "ಬೇಕೋ ಬೇಡ್ವೋ, ಹೇಳ್ಬಿಡು."

ಕ್ರಿಸಾಂಥಿ ಸ್ಪಂಜನ್ನು ಮೂಗಿಗೆ ಒತ್ತಿ, ಕಣ್ಣು ಮುಚ್ಚಿ, ದೀರ್ಘವಾಗಿ ಮೂಸಿದಳು. ಮುಖ ಕಿವುಚಿದಳು.

"ಇನ್ನೂ ನಾತ ಹೊಡೀತಿದೆ."

ಮಿಕೆಸ್ ಗಾಬರಿಯಿಂದ ಇಸಿದುಕೊಂಡು ಮೂಸಿದ. ಒಂದಿಷ್ಟು ಉಪ್ಪು, ಒಂದಿಷ್ಟು ಬಿಸಿಲು, ಬೇರೇನೂ ಇರಲಿಲ್ಲ. ತಲೆಯೆತ್ತಿ ಅವಳನ್ನು ನೋಡಿದ. ಅವಳ ಕಿವಿಯ ತುದಿ ಕೆಂಪಗಾಗಿತ್ತು.

"ಹೌದು," ಎಂದ ಮೆಲ್ಲಗೆ. "ಇನ್ನೂ ಒಂದು ವಾರ ತೊಳೀಬೇಕು."

"ಒಂದು ವಾರ ಸಾಕಾಗಲ್ಲ," ಎಂದಳು ಕ್ರಿಸಾಂಥಿ. ಅಂಗಡಿಯ ಬೀಗದಕೈ ತೆಗೆದು ಅಕ್ಕನ ಕೈಗೆ ಹಾಕಿ, ಚಪ್ಪಲಿ ಬಿಚ್ಚಿ, ಮತ್ತೆ ದೋಣಿ ಹತ್ತಿದಳು.