ಹೊಳೆ ದಾಟಿದ ಬೆಕ್ಕುಗಳು

"ಇಳಿಸಬೇಡಿ ಮಾರಾಯ್ರೇ, ಆ ಗೋಣಿ ಇಲ್ಲಿ ಇಳಿಸಲೇಬೇಡಿ!"

ಚಾರ್ಮಾಡಿ ಘಾಟಿಯ ಬುಡದ ಸ್ಟಾಪಿನಲ್ಲಿ ರಾಜೀವಿ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಳು. ಬಸ್ಸಿನ ಮೆಟ್ಟಿಲ ಮೇಲೆ ಹೊಸ ಕಂಡಕ್ಟರ್ ಧರ್ಣಪ್ಪ. ಅವನ ಕೈಯಲ್ಲೊಂದು ಗೋಣಿಚೀಲ, ಅದರೊಳಗೆ ಮಿಯಾಂವ್ ಮಿಯಾಂವ್...

ಧರ್ಣಪ್ಪ ಅವಳ ಕೆಂಪಾದ ಕಣ್ಣು ನೋಡಿದ. ಆದರೂ ಚೀಲವನ್ನು ಮೆಲ್ಲನೆ ಅವಳ ಕಾಲ ಬಳಿ ಇಟ್ಟು ಸೀಟಿ ಊದಿಬಿಟ್ಟ.

ಬಸ್ಸು ಹೋಯಿತು. ಬೆಕ್ಕು ಉಳಿಯಿತು.

ಅಯ್ಯೋ, ಈ ಜನಕ್ಕೆ ಏನೆನ್ನಬೇಕು! ಹೊಳೆ ದಾಟಿಸಿದರೆ ಬೆಕ್ಕು ತಿರುಗಿ ಬರುವುದಿಲ್ಲವಂತೆ. ಅದಕ್ಕೆ ಪಾಣೆಮಂಗಳೂರಿನಲ್ಲಿ ಗೋಣಿ ಹಿಡಿದು ಬಸ್ಸು ಹತ್ತುವುದು, ಸೀಟಿನಡಿಗೆ ತಳ್ಳುವುದು, ಸೇತುವೆ ದಾಟಿದ ಕೂಡಲೇ ಏನೂ ಅರಿಯದವರ ಹಾಗೆ ಇಳಿದುಹೋಗುವುದು. ಸೀಟಿನಡಿ ಉಳಿದ ಗೋಣಿಯನ್ನು ಕಂಡಕ್ಟರು ಈ ಸ್ಟಾಪಿನಲ್ಲಿ ಇಳಿಸುವುದು. ಮುಂದಿನದ್ದೆಲ್ಲ ರಾಜೀವಿಯ ಕರ್ಮ.

ಅವಳ ಅಣ್ಣ ಶೀನಪ್ಪನ ಹಳೇ ದನದ ಹಟ್ಟಿಯಲ್ಲಿ ಆಗಲೇ ಅವಳು ಸಾಕುವ ಇಪ್ಪತ್ತಾರು ಜೀವಗಳಿದ್ದವು. ಮೂರು ಕಾಲಿನ ನಾಯಿ, ಲಾರಿ ತಾಗಿದ ಕರು, ಕಣ್ಣಿಲ್ಲದ ಬೆಕ್ಕು... ಇನ್ನೊಂದು ಬಂದರೆ ಎಲ್ಲವನ್ನೂ ಲಾರಿಗೆ ಹಾಕಿ ಘಾಟಿಯ ಮೇಲೆ ಬಿಟ್ಟು ಬರುತ್ತೇನೆಂದು ಶೀನಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದ.

ರಾಜೀವಿ ಹೊಸ ಬೆಕ್ಕನ್ನು ಕಟ್ಟಿಗೆ ಕೊಟ್ಟಿಗೆಯಲ್ಲಿ ಬಚ್ಚಿಟ್ಟಳು. ಮರುದಿನ ಬಸ್ಸು ನಿಲ್ಲಿಸಿ, ತುಂಬಿದ ಜನರ ಎದುರೇ ಧರ್ಣಪ್ಪನಿಗೆ ಬೈದಳು. ಬೆಕ್ಕು ಬಿಡುವವರಿಗೆ ಟಿಕೇಟು ಹರಿದು ಕೊಡುವವನೂ ಅವರಷ್ಟೇ ಪಾಪಿ ಎಂದಳು. ಅವನು ತಲೆ ತಗ್ಗಿಸಿ, ಇನ್ನು ತರುವುದಿಲ್ಲ ಎಂದ.

ತಿಂಗಳು ಕಳೆಯಿತು. ಒಂದು ಗೋಣಿಯೂ ಬರಲಿಲ್ಲ.

ಸಮಾಧಾನವಾಗಬೇಕಿತ್ತು... ಎಲ್ಲಿ? 'ಹಾಗಾದರೆ ಎಲ್ಲಿ ಬಿಸಾಡುತ್ತಾನೆ? ಹೊಳೆಗಾ? ಇಷ್ಟು ಕಲ್ಲೆದೆಯವನಾ? ಮತ್ತೆ ನಾನು ಯಾಕೆ ದಿನಾ ಈ ಬಸ್ಸು ಕಾಯುವುದು?' ಅವಳಿಗೆ ತನ್ನ ಮೇಲೇ ರೇಗಿತು.

ಅಷ್ಟರಲ್ಲಿ ಬಚ್ಚಿಟ್ಟ ಬೆಕ್ಕು ಶೀನಪ್ಪನ ಕಣ್ಣಿಗೆ ಬಿತ್ತು. ಭಾನುವಾರಕ್ಕೆ ಲಾರಿ ಗೊತ್ತಾಯಿತು.

ಶನಿವಾರ ಬೆಳಿಗ್ಗೆ ರಾಜೀವಿ ಅದೇ ಬಸ್ಸಿನ ದಾರಿಯ ಮಡಂತ್ಯಾರು ಪೇಟೆಯಲ್ಲಿ ಒಂದು ಖಾಲಿ ಹಟ್ಟಿಗಾಗಿ ಅಂಗಡಿ ಅಂಗಡಿಗೂ ಹೋಗಿ ಕೇಳಿದಳು. ಎಲ್ಲರೂ ನಕ್ಕು ಒಂದೇ ಮನೆ ತೋರಿಸಿದರು. ಅಲ್ಲಿ ಬೆಕ್ಕಿನ ಕಂಡಕ್ಟರ್ ಇದ್ದಾನಂತೆ!

ಜಗಲಿ ತುಂಬ ಬೆಕ್ಕು. ಹಂಚಿನ ಮೇಲೂ ಬೆಕ್ಕು. ನಡುವೆ ಧರ್ಣಪ್ಪ ಶಾಯಿ ಹಾಕುವ ಫಿಲ್ಲರಿನಲ್ಲಿ ಮರಿಯೊಂದಕ್ಕೆ ಹಾಲು ಕುಡಿಸುತ್ತಿದ್ದ.

ರಾಜೀವಿ ಜಗಲಿಯ ಅಂಚಿಗೆ ಬಂದಳು. "ನೀವು ಬಿಸಾಡ್ತೀರಿ ಅಂತ ತಿಳಿದಿದ್ದೆ..."

"ನಿಮ್ಮನ್ನು ನೋಡಿದ ಮೇಲೆ ನನ್ನಿಂದ ಅದು ಆಗ್ಲಿಕ್ಕಿಲ್ಲ."

ಅವಳು ಅಲ್ಲೇ ಕುಸಿದು ಕುಳಿತು ಅತ್ತಳು. ಅಣ್ಣನ ಶರತ್ತು, ನಾಳೆಯ ಲಾರಿ, ಎಲ್ಲವನ್ನೂ ಹೇಳಿದಳು.

"ಲಾರಿ ಬರಲಿ," ಎಂದ ಧರ್ಣಪ್ಪ. "ಘಾಟಿಗೆ ಬೇಡ, ಎಲ್ಲವನ್ನೂ ಇಲ್ಲಿಗೇ ತರುವ. ನನ್ನದೇ ಮನೆ, ಹಿತ್ತಿಲಲ್ಲಿ ಜಾಗ ಬೇಕಾದಷ್ಟು ಉಂಟು." ಆಮೇಲೆ ಮರಿಯನ್ನೇ ನೋಡುತ್ತ ಮೆಲ್ಲನೆ ಕೇಳಿದ, "ನೀವೂ ಬರ್ತೀರಾ? ಮದುವೆಯಾಗಿ?"

ರಾಜೀವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿಟ್ಟು ಬಂತು. ಅದಕ್ಕಿಂತ ಜಾಸ್ತಿ ಪ್ರೀತಿ ಬಂತು.

"ಇದನ್ನು ಮೊದಲೇ ಹೇಳ್ಲಿಕ್ಕೆ ಏನಾಗಿತ್ತು ನಿಮಗೆ?"

"ನೀವು ಬೈಯುವುದು ನಿಲ್ಲಿಸಿದರಲ್ವಾ ಹೇಳುವುದು?"

"ಮದುವೆ ಆದ ಮೇಲೂ ನಿಲ್ಲಿಸ್ಲಿಕ್ಕಿಲ್ಲ."

"ಗೊತ್ತುಂಟು," ಎಂದು ಅವನು ನಕ್ಕು, ಹಾಲು ಕುಡಿದು ಮುಗಿಸಿದ ಮರಿಯನ್ನು ಅವಳ ಮಡಿಲಲ್ಲಿ ಇಟ್ಟ.