ಸಣ್ಣ ತೊಟ್ಟಿಯ ಎರಡನೇ ಮೀನು

ಗಾಜಿನ ತೊಟ್ಟಿಯ ದೀಪ ಇನ್ನೂ ಉರಿಯುತ್ತಿತ್ತು. ಅಪ್ಪ ಅದರೆದುರಿನ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾರೆ ಎಂದುಕೊಂಡು ಮಗಳು ಭುಜ ಮುಟ್ಟಿದಳು. ಮೈ ತಣ್ಣಗಿತ್ತು.

ಇನ್‌ಸ್ಪೆಕ್ಟರ್ ಬಂದಾಗ ಮೇಲ್ನೋಟಕ್ಕೆ ಎಲ್ಲ ಸ್ಪಷ್ಟವಾಗಿಯೇ ಇತ್ತು. ಸತ್ತವರು ಕೆಳಗಿನ ಕನ್ನಡಕದಂಗಡಿಯ ಯಜಮಾನರು. ಪಕ್ಕದ ಸ್ಟೂಲಿನ ಮೇಲೆ ಕುಡಿದಿಟ್ಟ ಕಾಫಿ ಲೋಟ. ಕಾಲ ಬಳಿ ನಿದ್ರೆಮಾತ್ರೆಯ ಖಾಲಿ ಸ್ಟ್ರಿಪ್.

"ಆತ್ಮಹತ್ಯೆ, ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್.

"ನಿಮಗೇನ್ರೀ ಅಷ್ಟು ಅವಸರ?"

ಮಗಳು ಗೋಡೆಗೆ ಒರಗಿ ನಿಂತಿದ್ದಳು. ಕಣ್ಣಲ್ಲಿ ಹನಿ ನೀರಿಲ್ಲ.

"ನಾನೇ ಕೊಂದಿದ್ದು," ಎಂದಳು.

ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿದ.

"ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಜಗಳ ಆಯ್ತು. ನೀವು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂದ್ಬಿಟ್ಟೆ. ಗೆಳತಿ ಮನೆಗೆ ಹೋಗಿ ಅಲ್ಲೇ ಉಳ್ಕೊಂಡೆ. ಬೆಳಿಗ್ಗೆ ಬಂದ್ರೆ ಹೀಗೆ."

ಅಷ್ಟರಲ್ಲಿ ಚಿಕ್ಕಪ್ಪ ಓಡಿ ಬಂದರು. ಸತ್ತವರ ತಮ್ಮ, ಅಂಗಡಿಯಲ್ಲಿ ಪಾಲುದಾರ. ಬಂದವರೇ ಮಾತು ಶುರುವಿಟ್ಟುಕೊಂಡರು.

"ಮೂರು ತಿಂಗಳಿಂದ ನಮಗೆ ಮಾತಿರಲಿಲ್ಲ, ಮೇಡಂ. ನಿನ್ನೆ ಸಂಜೆ ನಾನೇ ಸೋತು ಬಂದೆ. ಅಣ್ಣನಿಗೆ ಅಂತ ಒಂದು ಮೀನು ತಂದಿದ್ದೆ. ತನ್ನ ಕೈಯಾರೆ ತೊಟ್ಟಿಗೆ ಬಿಟ್ಟ. ಆಮೇಲೆ, ಯಾಕೋ ಬದುಕೇ ಸಾಕಾಗಿದೆ ಅಂದ. ಸುಮ್ನೆ ಹೇಳ್ತಾನೆ ಅಂದ್ಕೊಂಡು ಹೊರಟುಬಿಟ್ಟೆ."

ಸಾವಿನ ಮನೆಯಲ್ಲಿ ಹೆಚ್ಚು ಮಾತಾಡುವವರನ್ನು ಇನ್‌ಸ್ಪೆಕ್ಟರ್ ನಂಬುತ್ತಿರಲಿಲ್ಲ. ಕಡಿಮೆ ಮಾತಾಡುವವರನ್ನೂ ನಂಬುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಅವರು ತೊಟ್ಟಿಯ ಮುಂದೆ ಬಗ್ಗಿದರು.

ಸಮುದ್ರದ ನೀರು, ಹವಳ, ನಾಲ್ಕಾರು ಕಲ್ಲು. ತೊಟ್ಟಿ ಇಬ್ಬರು ಎತ್ತಿ ಇಡಬಹುದಾದಷ್ಟೇ ದೊಡ್ಡದು. ಒಳಗೆ ಎರಡು ಮೀನು, ಎರಡೂ ಅರ್ಧ ನೇರಳೆ, ಅರ್ಧ ಹಳದಿ. ಒಂದು ಕಲ್ಲಿನ ಪೊಟರೆಯ ಬಾಯಲ್ಲಿ ನಿಂತು ಗಂಟಲು ಕಾಣುವಷ್ಟು ಬಾಯಿ ತೆರೆಯುತ್ತಿತ್ತು. ಇನ್ನೊಂದರ ಈಜುರೆಕ್ಕೆಗಳೆಲ್ಲ ಹರಿದುಹೋಗಿದ್ದವು. ಪಾಪ, ಮೇಲಿನ ಮೂಲೆಯಲ್ಲಿ ಮುದುರಿಕೊಂಡಿತ್ತು.

ಹಿಂದಿನ ಕೋಣೆಯಲ್ಲಿ ಇನ್ನೊಂದು ಪುಟ್ಟ ತೊಟ್ಟಿ ಸಿಕ್ಕಿತು. ಶುಭ್ರವಾದ ನೀರು. ಗಾಳಿಯ ಗುಳ್ಳೆ ಏಳುತ್ತಿತ್ತು. ಮೀನು ಮಾತ್ರ ಇರಲಿಲ್ಲ.

* * *

"ಅಯ್ಯೋ, ಅವರಿಗಾ ಆ ಮೀನು?" ಮೀನಿನಂಗಡಿಯಾತ ತಲೆ ಚಚ್ಚಿಕೊಂಡ. "ನಿನ್ನೆ ಬಂದವರು ಅವರ ತಮ್ಮ ಅಂತ ನನಗೆ ಗೊತ್ತಿರ್ಲಿಲ್ಲ. ಫೋನಲ್ಲಿ ಒಂದು ಫೋಟೋ ತೋರಿಸಿ, ಇಂಥದ್ದೇ ಕೊಡಿ ಅಂದ್ರು. ಯಾರಿಗೆ ಅಂತ ಹೇಳಿದ್ರೆ ಕೊಡ್ತಾನೇ ಇರ್ಲಿಲ್ಲ."

"ಯಾಕೆ? ಜೋಡಿ ಆಗಲ್ವಾ?"

"ಎಲ್ಲರೂ ಹಾಗೇ ಅಂದ್ಕೊಳ್ತಾರೆ. ಅಷ್ಟು ಸಣ್ಣ ತೊಟ್ಟೀಲಿ ಒಂದೇ ಬಣ್ಣ, ಒಂದೇ ಆಕಾರದ ಎರಡು ಇದ್ರೆ ಒಂದು ಉಳಿಯಲ್ಲ. ಎರಡಕ್ಕೂ ಅದೇ ಪೊಟರೆ ಬೇಕು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತಾರಲ್ಲ, ಹಾಗೆ."

ಇನ್‌ಸ್ಪೆಕ್ಟರ್ ನಗಲಿಲ್ಲ.

"ಹಿಂದಿನ ಕೋಣೆಯ ತೊಟ್ಟಿ?"

"ಹೊಸ ಮೀನು ಮೊದಲು ಅದರಲ್ಲಿ. ರೋಗಗೀಗ ಇದ್ರೆ ಗೊತ್ತಾಗ್ಲಿ ಅಂತ ವಾರಗಟ್ಟಲೆ ಕಾಯ್ತಿದ್ರು. ಈ ಸಲ ಮರಳಲ್ಲಿ ಬಿಲ ಮಾಡ್ಕೊಂಡು ಇರೋ ಒಂದು ಸಾಧು ಮೀನು ಗೊತ್ತುಮಾಡಿದ್ರು. ಯಾರ ತಂಟೆಗೂ ಹೋಗಲ್ಲ ಅದು. ಭಾನುವಾರ ಬಂದು ತಗೊಳ್ಳೋರಿದ್ರು."

* * *

ಚಿಕ್ಕಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದು ಒಳಗೆ ಕುಳಿತಿದ್ದರು. ಕನ್ನಡಕ ಒರೆಸುತ್ತಿದ್ದರು.

"ಮೀನನ್ನ ಅಣ್ಣನೇ ಬಿಟ್ಟಿದ್ದು ಅಲ್ವಾ?"

"ನನ್ನ ಕಣ್ಣೆದುರಿಗೇ."

"ಚೀಲ ಬಿಚ್ಚಿ, ಸೀದಾ ಕುರ್ಚಿ ಮುಂದಿನ ತೊಟ್ಟಿಗೆ?"

"ಸೀದಾ. ಜೋಡಿ ಸಿಕ್ತು ಅಂತ ಖುಷಿಪಟ್ಟ."

"ಅಲ್ಲೇ ಎಡವಿದ್ರಿ," ಎಂದರು ಇನ್‌ಸ್ಪೆಕ್ಟರ್. "ಎಚ್ಚರವಾಗಿದ್ದಿದ್ರೆ ಆ ಮನುಷ್ಯ ಆ ಮೀನನ್ನ ಅಲ್ಲಿಗೆ ಬಿಡೋಕೆ ಬಿಡ್ತಿರಲಿಲ್ಲ. ಹೊಸ ಮೀನಿಗೆ ಬೇರೆ ತೊಟ್ಟಿ ಸಿದ್ಧ ಇತ್ತು. ಇಂಥವು ಎರಡಿದ್ರೆ ಕಚ್ಚಾಡ್ತವೆ ಅಂತ ಆತನಿಗೆ ಗೊತ್ತಿತ್ತು, ತರೋಕೆ ಗೊತ್ತುಮಾಡಿದ್ದೂ ಬೇರೆ ಮೀನು. ಒಳಗೆ ಬರೋಕೆ ನಿಮಗೊಂದು ನೆಪ ಬೇಕಿತ್ತು, ಮೀನು ತಂದ್ರಿ. ಕಾಫಿಗೆ ಮಾತ್ರೆ ಬೆರೆಸಿದ್ರಿ. ಅಣ್ಣ ಕುರ್ಚೀಲೇ ಒರಗಿದ. ಕೈಲಿ ಜೀವಂತ ಮೀನು ಉಳೀತು. ವಾಪಸ್ ಒಯ್ದ್ರೆ ನೋಡಿದವರು ಕೇಳ್ತಾರೆ. ಚೀಲದಲ್ಲೇ ಬಿಟ್ರೆ, ನೀವು ಇರುವಾಗಲೇ ಆತ ಬಿದ್ದ ಅಂತ ಗೊತ್ತಾಗುತ್ತೆ. ಅದಕ್ಕೇ ನೀವೇ ಬಿಟ್ರಿ."

"ಮೀನಿನ ಮಾತು ಕೋರ್ಟಲ್ಲಿ ನಡೆಯುತ್ತಾ?"

"ಮಾತ್ರೆ ಸ್ಟ್ರಿಪ್ಪಿನ ಮೇಲೆ ಒಂದೇ ಒಂದು ಬೆರಳಚ್ಚಿಲ್ಲ. ಒರೆಸಿಟ್ಟಿದ್ದೀರಿ. ಸಾಯೋಕೆ ಹೊರಟವನು ಸ್ಟ್ರಿಪ್ ಒರೆಸಿಟ್ಟು ಸಾಯ್ತಾನೇನ್ರೀ?"

ಚಿಕ್ಕಪ್ಪನ ಕೈಯಿಂದ ಕನ್ನಡಕ ಜಾರಿತು. ಬಗ್ಗಿ ಎತ್ತಿ ಮೇಜಿನ ಮೇಲಿಟ್ಟರು.

"ಅಂಗಡೀನ ಮಗಳ ಹೆಸರಿಗೆ ಮಾಡ್ತೀನಿ ಅಂದ," ಎಂದರು. "ಜೀವಮಾನ ಪೂರ್ತಿ ಇಲ್ಲೇ ಸವೆಸಿದೀನಿ. ನಾನೇನು ಗುಲಾಮನಾ?"

ಅವರನ್ನು ಜೀಪಿಗೆ ಹತ್ತಿಸಿದಾಗ ಹೆಡ್ ಕಾನ್‌ಸ್ಟೇಬಲ್ ಬೆಳಿಗ್ಗೆ ತಾನು ಬರೆದಿದ್ದ 'ಆತ್ಮಹತ್ಯೆ'ಯನ್ನು ಹೊಡೆದುಹಾಕಿದ.

* * *

ಮಗಳು ಮಹಡಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಇನ್‌ಸ್ಪೆಕ್ಟರ್ ಎಲ್ಲವನ್ನೂ ಹೇಳಿದರು. ಅವಳ ಮುಖ ಬದಲಾಗಲಿಲ್ಲ.

"ಚಿಕ್ಕಪ್ಪ ಕೊಂದಿರಬಹುದು. ಆದ್ರೆ ಅಪ್ಪ ನನ್ನ ಮಾತು ಮನಸ್ಸಲ್ಲಿಟ್ಕೊಂಡೇ ಹೋದ್ರಲ್ಲ."

"ಮೀನಿನಂಗಡಿಗೆ ನಿಮ್ಮಪ್ಪ ನಿನ್ನೆ ಫೋನ್ ಮಾಡಿದ್ರಮ್ಮ. ಭಾನುವಾರ ಮಗಳನ್ನೂ ಕರ್ಕೊಂಡು ಬರ್ತೀನಿ, ಅಂಥ ಮೀನು ನಾಲ್ಕೈದು ತೋರಿಸಿ, ಅವಳೇ ಆರಿಸಲಿ ಅಂದ್ರಂತೆ."

ಮಗಳು ತಲೆಯೆತ್ತಿದಳು. "ಎಷ್ಟೊತ್ತಿಗೆ?"

"ಮಧ್ಯಾಹ್ನ ಮೂರರ ಮೇಲೆ."

"ಜಗಳ ಆದ್ಮೇಲಾ?"

"ಆದ್ಮೇಲೆ. ಅಂಗಡಿಯಾತ ಕೇಳಿದನಂತೆ, ನಿಮ್ಮ ಮಗಳು ಬರ್ತಾರಾ ಅಂತ. ಈಗ ನನ್ನ ಮೇಲೆ ಬೆಂಕಿ ಕಾರ್ತಿದ್ದಾಳೆ, ಭಾನುವಾರದೊಳಗೆ ಸರಿ ಹೋಗ್ತಾಳೆ ಬಿಡಿ ಅಂತ ನಕ್ಕರಂತೆ."

ಬೆಳಿಗ್ಗೆಯಿಂದ ತಡೆದುಕೊಂಡಿದ್ದವಳು ಆಗ ಬಾಯಿಬಿಟ್ಟು ಅತ್ತಳು. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಅದೇ ಮೆಟ್ಟಿಲ ಮೇಲೆ ಅವಳ ಪಕ್ಕ ಕುಳಿತರು.